ಹಾಡು ಲಾಸ್‌ಲೆಸ್, ಬರೆದವರ ಹೆಸರು ಮಾತ್ರ ಲಾಸ್

ಹೋದ ಭಾನುವಾರ ಮಂಡ್ಯಕ್ಕೆ ಹೋಗಿದ್ದೆ. ಅಪ್ಪ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ನಾನೇ ತಂದುಕೊಟ್ಟ ಬ್ಲೂಟೂತ್ ಸ್ಪೀಕರ್. ಫೋನಿನಿಂದ ಒಂದು ಭಾವಗೀತೆ ಹಾಕಿದೆ. ಹಾಡು ಮುಗಿಯಿತು. ಅಪ್ಪ ಕೈ ನಿಲ್ಲಿಸಿ ಏನನ್ನೋ ಕಾಯುವವರ ಹಾಗೆ ಕೂತರು. ಅಷ್ಟರಲ್ಲಿ ಮುಂದಿನ ಹಾಡು ತಾನಾಗೇ ಶುರುವಾಯಿತು.

"ಬರೆದೋರು ಯಾರು ಅಂತ ಹೇಳ್ಲೇ ಇಲ್ವಲ್ಲವ್ವ?"

"ಇದು ರೇಡಿಯೋ ಅಲ್ಲಪ್ಪ, ಹೇಳಲ್ಲ."

"ಹೇಳ್ದಿದ್ರೆ ಬೇಡ, ಬರೆದಾದ್ರೂ ಇರ್ತದಲ್ಲ. ನೋಡು."

ನೋಡಿದೆ. ಹಾಡಿದವರ ಹೆಸರಿತ್ತು. ಆಲ್ಬಮ್ ಹೆಸರಿತ್ತು. ಕ್ಯಾಸೆಟ್ ಕಂಪನಿಯ ಹೆಸರೂ ಇತ್ತು, ಪಕ್ಕದಲ್ಲಿ 2014 ಅಂತ ಇಸವಿ. ಆ ಕ್ಯಾಸೆಟ್ ನಮ್ಮ ಮನೆಗೆ ಬಂದಾಗ ನಾನಿನ್ನೂ ಹೈಸ್ಕೂಲು! ಆಮೇಲೆ ಮೂರು ಚುಕ್ಕಿ ಒತ್ತಿ, ಅದರೊಳಗೆ ಕ್ರೆಡಿಟ್ಸ್ ಅಂತ ಇದ್ದದ್ದನ್ನು ಒತ್ತಿದೆ. 'ಬರೆದವರು' ಅನ್ನುವ ಕಡೆ ಸಂಗೀತ ನಿರ್ದೇಶಕರ ಹೆಸರು. ಕವಿಯ ಸುಳಿವೇ ಇಲ್ಲ.

ಹಾಡು ಬರೆದದ್ದು ಕೆ.ಎಸ್. ನರಸಿಂಹಸ್ವಾಮಿ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರು, ನಮ್ಮ ಜಿಲ್ಲೆಯವರೇ. ಸಿನಿಮಾ ಸಾಹಿತ್ಯಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ಅಪ್ಪನಿಗೆ ಇದೆಲ್ಲ ಗೊತ್ತು. ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದವರು, ಕೇಳಿದ್ದು ಸುಮ್ನೆ ಪರೀಕ್ಷೆಗೆ. ಫೇಲಾಗಿದ್ದು ನನ್ನ ಫೋನು.

ಈಗ ಎಲ್ಲಿ ನೋಡಿದರೂ 'ಲಾಸ್‌ಲೆಸ್' ಅನ್ನೋದೇ ಸುದ್ದಿ. ಆ್ಯಪಲ್ ಮ್ಯೂಸಿಕ್ 2021ರಲ್ಲೇ ಕೊಟ್ಟಿತು, ಜಾಸ್ತಿ ದುಡ್ಡಿಲ್ಲದೆ. ಸ್ಪಾಟಿಫೈ ಅದೇ ವರ್ಷ ಕೊಡ್ತೀವಿ ಅಂತ ಹೇಳಿ, ಕೊಟ್ಟದ್ದು 2025ರಲ್ಲಿ. ಲಾಸ್‌ಲೆಸ್ ಅಂದರೆ ಸ್ಟುಡಿಯೋದಿಂದ ಬಂದ ಧ್ವನಿಯಲ್ಲಿ ಏನನ್ನೂ ಹಿಂಡಿ ಬಿಸಾಕದೆ ಕೇಳಿಸೋದು. ಒಳ್ಳೇದೇ. ನಾನೂ ಆನ್ ಮಾಡಿಕೊಂಡಿದ್ದೇನೆ. (ಮಾಮೂಲಿ ಬ್ಲೂಟೂತ್‌ನಲ್ಲಿ ಹೋಗುವಾಗ ಅದನ್ನು ಮತ್ತೆ ಹಿಂಡಿಯೇ ಕಳಿಸುತ್ತದೆ ಅನ್ನೋದು ಬೇರೆ ಮಾತು. ಅಪ್ಪನ ಸ್ಪೀಕರ್‌ಗೆ ಅದರಿಂದ ನಯಾಪೈಸೆ ಉಪಯೋಗ ಇಲ್ಲ.) ಆದರೆ ತಬಲಾದ ಕೊನೇ ಗುಂಗನ್ನೂ ಉಳಿಸುವವರಿಗೆ ಹಾಡು ಬರೆದವರ ಹೆಸರು ಉಳಿಸಲು ಆಗಲಿಲ್ಲವಾ? ಹೆಸರಿಗೆ ಎಷ್ಟು ಜಾಗ ಬೇಕು ಮಾರಾಯ್ರೇ?

ಮೈಸೂರಿನವರಿಗೆ ಇದನ್ನು ಹೇಳೋ ಅಗತ್ಯವೇ ಇರಬಾರದು. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದ ಊರು ಇದು. 'ಆಕಾಶವಾಣಿ' ಅನ್ನೋ ಹೆಸರು ದೇಶಕ್ಕೆ ಹೋದದ್ದೇ ಇಲ್ಲಿಂದ. ರೇಡಿಯೋದವರದ್ದು ಒಂದು ರೂಢಿ. ಸಾಹಿತ್ಯ ಇಂಥವರದ್ದು, ಸಂಗೀತ ಇಂಥವರದ್ದು, ಹಾಡಿದವರು ಇಂಥವರು. ನಾನು ಚಿಕ್ಕವಳಿದ್ದಾಗ ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆ ಹಾಕೋ ಸದ್ದಿನ ಮಧ್ಯೆ ಕಿವಿಗೆ ಬಿದ್ದ ಹೆಸರುಗಳೇ ಇವತ್ತಿಗೂ ನೆನಪಿರೋದು. ಪುಸ್ತಕ ಓದಿ ಕಲಿತದ್ದಲ್ಲ. ಜಿ.ಎಸ್. ಶಿವರುದ್ರಪ್ಪ ಅನ್ನೋದು ಒಬ್ಬ ಕವಿಯ ಹೆಸರು ಅಂತ ಗೊತ್ತಾಗೋ ಮೊದಲೇ ಆ ಹೆಸರಿನ ಲಯ ಬಾಯಿಪಾಠ ಆಗಿತ್ತು.

ಕ್ಯಾಸೆಟ್ ಬಂದಾಗಲೂ ಹೆಸರು ಹೋಗಲಿಲ್ಲ. ಅಪ್ಪನ ಹತ್ತಿರ ನಲವತ್ತರ ಮೇಲೆ ಕ್ಯಾಸೆಟ್ ಇವೆ, ಹಳೇ ಬ್ರಿಟಾನಿಯಾ ಡಬ್ಬದಲ್ಲಿ. ಅವತ್ತು ಇಳಿಸಿಕೊಂಡು ನೋಡಿದೆ. ಒಳಗಿನ ಮಡಚಿದ ಕಾಗದ ಬಿಚ್ಚಿದರೆ ಎ ಬದಿ, ಬಿ ಬದಿ, ಒಂದೊಂದು ಹಾಡಿನ ಮುಂದೆ ಕವಿಯ ಹೆಸರು, ಇರುವೆ ಗಾತ್ರದ ಅಕ್ಷರದಲ್ಲಿ. ಮಡಿಕೆ ಬಿದ್ದ ಕಡೆ ಅಳಿಸಿಹೋಗಿದ್ದನ್ನು ಅಪ್ಪ ಕೆಂಪು ಪೆನ್ನಿನಲ್ಲಿ ಮತ್ತೆ ಬರೆದಿದ್ದಾರೆ. ಒಂದು ಕಡೆ ಅಚ್ಚಿನ ತಪ್ಪನ್ನೂ ತಿದ್ದಿದ್ದಾರೆ, ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತೆ!

ಹೆಸರು ಕಳೆದುಹೋದದ್ದು ಎಂಪಿತ್ರೀ ಕಾಲದಲ್ಲಿ. 700 ಎಂಬಿಯ ಒಂದು ಸೀಡಿಗೆ 150 ಹಾಡು ತುಂಬಿ ಮಾರುತ್ತಿದ್ದರಲ್ಲ, ಅದರಲ್ಲಿ ಕಾಗದವೂ ಇಲ್ಲ, ಕವಿಯೂ ಇಲ್ಲ. 'ಟ್ರ್ಯಾಕ್ 07' ಅಂತ ಇರುತ್ತಿತ್ತು. ಇದರ ಹಿಂದೆ ಒಂದು ಸಣ್ಣ ಕಥೆ ಇದೆ. ಎಂಪಿತ್ರೀ ಫೈಲಿನಲ್ಲಿ ಹಾಡಿನ ವಿವರ ಬರೆಯಲು ಮೊದಲು ಜಾಗವೇ ಇರಲಿಲ್ಲ. 1996ರಲ್ಲಿ ಎರಿಕ್ ಕೆಂಪ್ ಅನ್ನುವ ಪ್ರೋಗ್ರಾಮರ್ ಫೈಲಿನ ಬಾಲಕ್ಕೆ 128 ಬೈಟಿನ (ಒಂದು ಇಂಗ್ಲಿಷ್ ಅಕ್ಷರ ಹಿಡಿಯುವಷ್ಟು ಜಾಗಕ್ಕೆ ಒಂದು ಬೈಟ್ ಅಂತಾರೆ) ಒಂದು ಚೀಟಿ ಅಂಟಿಸಿದರು. ಅದೇ ಐಡಿತ್ರೀ ಟ್ಯಾಗ್. ಹಾಡಿನ ಹೆಸರಿಗೆ 30 ಬೈಟ್, ಕಲಾವಿದರಿಗೆ 30, ಆಲ್ಬಮ್‌ಗೆ 30, ಇಸವಿಗೆ 4, ಹೀಗೆ. ಸಾಹಿತ್ಯ ಬರೆದವರಿಗೆ ಸೊನ್ನೆ. ಪಾಪ, ಅವರು ಕಂಡಿದ್ದು ಪಾಪ್, ರಾಕ್. ಅಲ್ಲಿ ಹಾಡುವ ತಂಡವೇ ಎಷ್ಟೋ ಸಲ ಬರೆಯುತ್ತೆ.

ಜಾಗ ಇದ್ದಿದ್ದರೂ ನಮಗೆ ಸಾಲುತ್ತಿರಲಿಲ್ಲ. ಯೂನಿಕೋಡಿನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿರೋ ಸಂಕೇತ), ಯುಟಿಎಫ್-8 ರೀತಿಯಲ್ಲಿ ಬರೆದರೆ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ 3 ಬೈಟ್ ಬೇಕು. 'ನರಸಿಂಹಸ್ವಾಮಿ' ಅನ್ನೋದೊಂದಕ್ಕೇ 36 ಬೈಟ್. 30ಕ್ಕೆ ಕತ್ತರಿಸಿದರೆ ಕವಿಗಳು 'ನರಸಿಂಹಸ್ವಾ' ಅಂತ ಅರ್ಧದಲ್ಲೇ ನಿಂತುಬಿಡುತ್ತಾರೆ.

1998ರಲ್ಲಿ ಟ್ಯಾಗಿನ ಎರಡನೇ ಆವೃತ್ತಿ ಬಂತು. ಅದರಲ್ಲಿ ಸಾಹಿತ್ಯ ಬರೆದವರಿಗೆ ಪ್ರತ್ಯೇಕ ಜಾಗ ಇದೆ, ಸಂಗೀತ ಕೊಟ್ಟವರಿಗೂ ಇದೆ. ಅಂದರೆ ಇಷ್ಟು ವರ್ಷದಿಂದ ಕುರ್ಚಿ ಹಾಕಿಟ್ಟಿದ್ದಾರೆ, ಕವಿಯನ್ನು ಕರೆದು ಕೂರಿಸುವವರಿಲ್ಲ. ಆ್ಯಪ್‌ನವರನ್ನು ಕೇಳಿದರೆ ಕಂಪನಿ ಕೊಟ್ಟ ವಿವರ ತೋರಿಸ್ತೀವಿ ಅಂತಾರೆ. ಕಂಪನಿಯವರು ಹಳೇ ಕ್ಯಾಸೆಟ್‌ಗಳನ್ನು ರಾಶಿ ರಾಶಿ ಅಪ್‌ಲೋಡ್ ಮಾಡಿ ಕೈ ತೊಳೆದುಕೊಂಡಿದ್ದಾರೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಹೇಳಿದ, "ಬಿಡಕ್ಕ, ಅದನ್ನೆಲ್ಲ ಯಾರು ನೋಡ್ತಾರೆ?" ದುಡ್ಡು ನೋಡುತ್ತೆ ಕಣೋ. ಧ್ವನಿಮುದ್ರಣಕ್ಕೆ ಒಂದು ನಂಬರ್ ಇರುತ್ತೆ, ಐಎಸ್‌ಆರ್‌ಸಿ ಅಂತ. ಬರೆದ, ರಾಗ ಹಾಕಿದ ಕೃತಿಗೆ ಬೇರೆ ನಂಬರ್, ಐಎಸ್‌ಡಬ್ಲ್ಯುಸಿ. ಎರಡೂ ಒಂದಕ್ಕೊಂದು ತಾಳೆಯಾಗದಿದ್ದರೆ ಬರೆದವರ ಪಾಲು ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತೆ. ಅಮೆರಿಕದಲ್ಲಿ ಹೀಗೆ ಯಾರದ್ದು ಅಂತ ಗೊತ್ತಾಗದೆ ಕೂಡಿಬಿದ್ದಿದ್ದ ರಾಯಲ್ಟಿಯನ್ನು 2021ರಲ್ಲಿ ಆ್ಯಪ್ ಕಂಪನಿಗಳು ಲೆಕ್ಕ ಒಪ್ಪಿಸಿದಾಗ ಅದು 42.4 ಕೋಟಿ ಡಾಲರ್ ಇತ್ತು! ನಮ್ಮಲ್ಲೂ 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆ ತಿದ್ದಿ, ಬರೆದವರ ರಾಯಲ್ಟಿ ಪಾಲನ್ನು ಬರೆಸಿಕೊಂಡು ಕಿತ್ತುಕೊಳ್ಳುವ ಹಾಗಿಲ್ಲ ಅಂತ ಮಾಡಿದ್ದಾರೆ. ಕವಿ ಹೋದ ಮೇಲೂ 60 ವರ್ಷ ಹಕ್ಕು ಇರುತ್ತೆ. ಹೆಸರೇ ಇಲ್ಲದ ಮೇಲೆ ಪಾಲು ಯಾರ ಕೈಗೆ ಕೊಡ್ತಾರೆ?

ಇನ್ನು ಹುಡುಕೋ ಸಂಕಟ. ಕನ್ನಡದ ಹಾಡುಗಳ ಹೆಸರನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಹಾಕಿರುತ್ತಾರೆ. ಬಿ, ಇ, ಎಲ್, ಇ ಅಂತ ಟೈಪ್ ಮಾಡಿದರೆ ಅದು ಬೆಳೆಯೋ, ಬೆಲೆಯೋ, ಬೇಳೆಯೋ? ಬೆಳೆಗೆ ಬೆಲೆ ಇಲ್ಲ ಅಂತ ಹೆದ್ದಾರಿಯಲ್ಲಿ ಕೂರೋ ಮಂಡ್ಯದವರನ್ನು ಕೇಳಿ, ವ್ಯತ್ಯಾಸ ಹೇಳ್ತಾರೆ. ಹಳ್ಳಿ ಹುಡುಕಿದರೆ ಹಲ್ಲಿ. ನಮ್ಮ ಅಪ್ಪ ಅಚ್ಚುಕಟ್ಟಾಗಿ ಕನ್ನಡದಲ್ಲಿ ಟೈಪ್ ಮಾಡಿದ ಹಾಡಿಗೆ ಆ್ಯಪ್ ತಂದುಕೊಟ್ಟದ್ದು ಯಾವುದೋ ಡಿಜೆ ರೀಮಿಕ್ಸ್. ಅಪ್ಪ ಅರ್ಧ ನಿಮಿಷ ಕೇಳಿ, "ಇದ್ಯಾವ ಊರ ಹಬ್ಬವ್ವ?" ಅಂದರು.

ನನಗೆ ನಿಜಕ್ಕೂ ಸಿಟ್ಟು ಬರೋದು ಯಾಕೆ ಗೊತ್ತಾ? ಈ ಸಮಸ್ಯೆ ಆ್ಯಪ್ ಕಂಪನಿಗಳಿಗೆ ಗೊತ್ತಿಲ್ಲ ಅಂತಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವವರು ನುಡಿಸಿದವರಿಗಿಂತ ಮೊದಲು ರಚಿಸಿದವರನ್ನು ಹುಡುಕುತ್ತಾರೆ. ಅದಕ್ಕೇ ಆ್ಯಪಲ್ 2021ರಲ್ಲಿ ಪ್ರೈಮ್‌ಫೋನಿಕ್ ಅನ್ನೋ, ಆ ಸಂಗೀತವನ್ನೇ ಕೇಳಿಸುತ್ತಿದ್ದ ಕಂಪನಿಯನ್ನೇ ಕೊಂಡು, 2023ರಲ್ಲಿ ಕ್ಲಾಸಿಕಲ್‌ಗೆ ಅಂತಲೇ ಬೇರೆ ಆ್ಯಪ್ ಬಿಟ್ಟಿತು. ಬೀಥೋವನ್‌ಗೆ ಒಂದು ಇಡೀ ಆ್ಯಪ್. ನಮ್ಮ ಕವಿಗಳಿಗೆ ಒಂದು ಸಾಲು ಕೊಡಿ ಅಂದರೆ ಆಗಲ್ಲ. ಭಾವಗೀತೆಯ ಕಥೆಯೂ ಅದೇ ಅಲ್ವಾ? ಮೊದಲು ಕವಿತೆ, ಆಮೇಲೆ ರಾಗ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ವೇದಿಕೆ ಮೇಲೆ ಹಾಡುತ್ತಿದ್ದದ್ದು ಕವಿಗಳ ಸಾಲುಗಳನ್ನು. ಆ ಸಾಲುಗಳನ್ನು ಬರೆದವರ ಹೆಸರನ್ನೇ ಬಿಟ್ಟುಬಿಡೋದು ಅವರಿಗೂ ಮಾಡುವ ಅವಮಾನವೇ.

ಸರಿ, ಬೈದುಕೊಂಡು ಕೂತರೆ ಆಗಲ್ಲ ಅಂತ ಅಪ್ಪನ ಡಬ್ಬವನ್ನು ಮೈಸೂರಿಗೆ ಹೊತ್ತು ತಂದಿದ್ದೇನೆ. ಹಳೇ ಡೆಕ್ಕಿನಿಂದ ಲ್ಯಾಪ್‌ಟಾಪಿಗೆ ವೈರ್ ಹಾಕಿ ಒಂದೊಂದೇ ಇಳಿಸುತ್ತಿದ್ದೇನೆ. ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆಯೇ ಬೇಕು, ಅಡ್ಡದಾರಿ ಇಲ್ಲ. ಎರಡು ಕ್ಯಾಸೆಟ್ ಟೇಪು ಸುತ್ತಿಕೊಂಡು ಪೆನ್ಸಿಲ್ ಹಾಕಿ ತಿರುಗಿಸಬೇಕಾಯಿತು. ಆಮೇಲೆ ಎಂಪಿತ್ರೀಟ್ಯಾಗ್ ಅನ್ನೋ ತಂತ್ರಾಂಶದಲ್ಲಿ ಕನ್ನಡದಲ್ಲೇ ವಿವರ ತುಂಬುತ್ತೇನೆ. ಮ್ಯೂಸಿಕ್‌ಬ್ರೈನ್ಜ್ ಅನ್ನೋ ಮುಕ್ತ ಭಂಡಾರ ಇದೆ, ವಿಕಿಪೀಡಿಯದ ಹಾಗೆ ಯಾರು ಬೇಕಾದರೂ ತುಂಬಬಹುದು. ಸಾಹಿತ್ಯ ಬರೆದವರನ್ನು ಕೃತಿಗೆ ಜೋಡಿಸಲು ಅದರಲ್ಲಿ ಜಾಗ ಇದೆ. ದಿನಕ್ಕೆ ಎರಡು ಹಾಡಿನ ವಿವರ ಅಲ್ಲೂ ಸೇರಿಸುತ್ತಿದ್ದೇನೆ.

ಮೊದಲ ಹತ್ತು ಹಾಡು ಪೆನ್‌ಡ್ರೈವಿಗೆ ಹಾಕಿ ಕಾರಿನ ಸ್ಟೀರಿಯೋಗೆ ಚುಚ್ಚಿ ಮೊನ್ನೆ ಅಪ್ಪನನ್ನು ಮೈಸೂರಿಗೆ ಕರೆದುಕೊಂಡು ಬಂದೆ. ಹಾಡು ಶುರುವಾಯಿತು, ಪರದೆ ಮೇಲೆ ಹೆಸರಿನ ಬದಲು ಖಾಲಿ ಚೌಕಗಳು ಸಾಲಾಗಿ ಬಂದವು. ಅದಕ್ಕೆ ಕನ್ನಡ ಅಕ್ಷರವೇ ಗೊತ್ತಿಲ್ಲ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಪ್ಪ ಕನ್ನಡಕ ಸರಿಮಾಡಿಕೊಂಡು ಚೌಕಗಳನ್ನು ನೋಡಿದರು. ಹಾಡು ಮುಗಿಯುತ್ತಲೇ ರೇಡಿಯೋದವರ ಧಾಟಿಯಲ್ಲಿ ತಾವೇ ಹೇಳಿದರು, "ಸಾಹಿತ್ಯ, ಕೆ.ಎಸ್. ನರಸಿಂಹಸ್ವಾಮಿ." ಶ್ರೀರಂಗಪಟ್ಟಣ ದಾಟೋವರೆಗೂ ಪ್ರತಿ ಹಾಡಿಗೂ ಹೇಳಿದರು.

ಡಬ್ಬದಲ್ಲಿರೋ ಆರು ಕ್ಯಾಸೆಟ್‌ಗೆ ಒಳಗಿನ ಕಾಗದ ಇಲ್ಲ, ಎರಡನ್ನು ಇಲಿ ತಿಂದಿದೆ. ನಿಮ್ಮ ಮನೆ ಅಟ್ಟದಲ್ಲಿ ಹಳೇ ಭಾವಗೀತೆ ಕ್ಯಾಸೆಟ್ ಇದ್ದರೆ ಕಾಗದ ಬಿಚ್ಚಿ ಫೋಟೋ ತೆಗೆದು ಇಲ್ಲೇ ಕೆಳಗೆ ಹಾಕಿ. ಹಿಂದಿನ ಬದಿಯದ್ದೂ ಬೇಕು, ಹೆಸರುಗಳಿರೋದು ಅಲ್ಲೇ.