ಅಮ್ಮ ತೊಳೆದ ಜೀಪು

ಆಯುಧಪೂಜೆ ದಿನ ನಾನು ಏಳುವಷ್ಟರಲ್ಲಿ ಅಮ್ಮ ಸ್ಕೂಟರು, ಕಾರು, ಕಳೆ ಹೊಡೆಯೋ ಮಿಷನ್ನು, ಔಷಧಿ ಹೊಡೆಯೋ ಪಂಪು ಎಲ್ಲವನ್ನೂ ತೊಳೆಸಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದಳು. ಸಾಲಿನ ಕೊನೆಗೆ ಮಣೆಯ ಮೇಲೆ ನನ್ನ ಜೀಪು. ಹದಿನಾಲ್ಕು ಸೆಂಟಿಮೀಟರ್ ಉದ್ದ, ಬಾನೆಟ್ ಮೇಲೆ ಕುಂಕುಮ, ಒಂದು ಸೇವಂತಿಗೆ. ಫಳಫಳ ಹೊಳೀತಿತ್ತು.

ಹೊಳೆಯಬಾರದಿತ್ತು. ಮೂರು ವಾರ ರಾತ್ರಿ ಕೂತು ಅದಕ್ಕೆ ಕೆಸರು ಹತ್ತಿಸಿದ್ದೆ.

"ಅಮ್ಮಾ, ಇದನ್ನ ಯಾರು ತೊಳೆದಿದ್ದು?"

"ನಾನೇ ಕಣೋ. ಅಪ್ಪನ ಜೀಪು ಅಂತೀಯ, ಮೈತುಂಬ ಮಣ್ಣು ಇಟ್ಕೊಂಡು ಪೂಜೆ ಮಾಡಕ್ಕಾಗುತ್ತಾ? ಹಲ್ಲುಜ್ಜೋ ಬ್ರಷ್ಷಲ್ಲಿ ಸಂದಿಗೊಂದಿ ಎಲ್ಲಾ ಉಜ್ಜಿದೀನಿ."

ಬೈಯೋಣ ಅಂದ್ರೆ ಬಾಯಿ ಬರಲಿಲ್ಲ. ಅಪ್ಪ ಇದ್ದಾಗಲೂ ಪ್ರತಿ ವರ್ಷ ಇದೇ ಜಗಳ ಆಗ್ತಿತ್ತಲ್ಲ. ಅಪ್ಪನಿಗೆ ಜೀಪು ತೊಳೆಯೋದು ಅಂದ್ರೆ ಆಗ್ತಿರಲಿಲ್ಲ. "ನಾಳೆ ಮತ್ತೆ ತೋಟಕ್ಕೆ ಹೋಗಲ್ವಾ" ಅನ್ನೋರು.

ಇಷ್ಟು ಪೀಠಿಕೆ ಯಾಕೆ ಅಂದ್ರೆ, ಕಾರ್ ಮಾಡೆಲ್ ಕಟ್ಟುವ ನಮ್ಮಂಥವರಲ್ಲಿ ಎರಡು ಪಂಗಡ ಇದೆ. ಓಡಿದ ಗಾಡಿಗೆ ಓಡಿದ ಗುರುತು ಇರಲೇಬೇಕು ಅನ್ನೋ ಪಂಗಡ ನನ್ನದು. ಇನ್ನೊಂದು ಪಂಗಡಕ್ಕೆ ಕಾರು ಕನ್ನಡಿಯ ಹಾಗಿರಬೇಕು. ಬಣ್ಣದ ಮೇಲೆ ಕ್ಲಿಯರ್ ಕೋಟ್, ಅದರ ಮೇಲೆ 2000 ನಂಬರಿನ ವಾಟರ್ ಪೇಪರ್ (ತೀರಾ ನುಣುಪಾದ ಉಜ್ಜೋ ಕಾಗದ), ಆಮೇಲೆ ಪಾಲಿಶ್. ಕಾರಿನ ಛಾವಣಿಯಲ್ಲಿ ಟ್ಯೂಬ್‌ಲೈಟಿನ ಬಿಂಬ ನೆಟ್ಟಗೆ ಕಾಣಬೇಕು, ಎಲ್ಲೂ ಅಲುಗಬಾರದು. ಅದು ಸಣ್ಣ ಕೆಲಸ ಅಂತ ನಾನು ಹೇಳಲ್ಲ, ನನಗೆ ಇವತ್ತಿಗೂ ಅಷ್ಟು ಚೆನ್ನಾಗಿ ಬರಲ್ಲ. ಆದರೆ ಮಾಂಟೆ ಕಾರ್ಲೋ ರ‍್ಯಾಲಿಯನ್ನು 1964, 65, 67ರಲ್ಲಿ ಗೆದ್ದ ಮಿನಿ ಕೂಪರ್ ಕಟ್ಟಿ, ನಂಬರ್ ಸ್ಟಿಕ್ಕರ್ ಅಂಟಿಸಿ, ಶೋರೂಮಿಂದ ಈಗ ಹೊರಗೆ ಬಂದ ಹಾಗೆ ಇಡ್ತಾರಲ್ಲ, ಅಲ್ಲಿ ನನ್ನ ತಕರಾರು. ಹಿಮ, ಕೆಸರು, ಮಲೆಯ ರಸ್ತೆ ಎಲ್ಲ ದಾಟಿ ಬಂದ ಗಾಡಿಗೆ ಅದರ ಗುರುತೇ ಇಲ್ಲ ಅಂದ್ರೆ ಅದು ಯಾವ ರ‍್ಯಾಲಿ ಕಾರು? ನಮ್ಮ ಚಿಕ್ಕಮಗಳೂರಿಗೆ ಏಷ್ಯಾ ಪೆಸಿಫಿಕ್ ರ‍್ಯಾಲಿ ಬಂದಾಗ ಚಾಲಕ ಗೌರವ್ ಗಿಲ್ ಅವರ ಸ್ಕೋಡಾ ಫ್ಯಾಬಿಯಾವನ್ನು ಕಾಫಿ ತೋಟದ ಬೇಲಿ ಪಕ್ಕ ನಿಂತು ನೋಡಿದವರಿಗೆ ಗೊತ್ತು. ಮೊದಲು ಸದ್ದು ಬರುತ್ತೆ, ಆಮೇಲೆ ಕಾರು, ಆಮೇಲೆ ಹತ್ತು ನಿಮಿಷ ಬರೀ ಧೂಳು. ಆ ಕಾರಿನ ಬಣ್ಣ ಯಾವುದು ಅಂತ ಯಾರಾದರೂ ಕೇಳಿದ್ರೆ ನಾನು ಕೆಂಪು ಮಣ್ಣಿನ ಬಣ್ಣ ಅಂತಲೇ ಹೇಳ್ತೀನಿ.

ನನ್ನ ಮೊದಲ ಕಿಟ್ಟೂ ಮಿನಿ ಕೂಪರೇ. ಜಪಾನಿನ ಟಮಿಯಾ ಕಂಪನಿಯದ್ದು, 1:24 ಅಳತೆ. ಈ 24ರ ಲೆಕ್ಕ ಕೇಳಿದ್ರೆ ಗಾರೆ ಮೇಸ್ತ್ರಿಗೂ ಅರ್ಥ ಆಗುತ್ತೆ: ನಿಜವಾದ ಗಾಡಿಯ ಒಂದು ಅಡಿ ಇಲ್ಲಿ ಅರ್ಧ ಇಂಚು. (ಟ್ಯಾಂಕು, ಮಿಲಿಟರಿ ಗಾಡಿಗಳ 1:35ಕ್ಕೆ ಇಂಥ ಸಲೀಸು ಲೆಕ್ಕ ಇಲ್ಲ. ಟಮಿಯಾದವರು 1960ರ ದಶಕದಲ್ಲಿ ಪ್ಯಾಂಥರ್ ಟ್ಯಾಂಕಿನ ಮಾಡೆಲ್ ಒಳಗೆ ಬ್ಯಾಟರಿ, ಮೋಟರು ಹಿಡಿಸೋಕೆ ಎಷ್ಟು ದೊಡ್ಡದು ಬೇಕೋ ಅಷ್ಟು ಮಾಡಿದ್ರು, ಅದೇ ಅಳತೆ ಆಮೇಲೆ ರೂಢಿ ಆಯ್ತು.) ಆ ಮಿನಿಯ ಬಾನೆಟ್ಟಿಗೆ ನಾನು ಮಾಡಿದ ಗತಿ ಹೇಳಿದ್ರೆ ನಗ್ತೀರ. ಹಾರ್ಡ್‌ವೇರ್ ಅಂಗಡಿಯಿಂದ ಎನ್‌ಸಿ ಪೇಂಟು (ನಿಜವಾದ ಗಾಡಿಗೆ ಹೊಡೆಯೋ ಲ್ಯಾಕರ್ ಬಣ್ಣ), ಎನ್‌ಸಿ ತಿನ್ನರ್ ತಂದು ಪ್ರೈಮರ್ ಕೂಡ ಇಲ್ಲದೆ ಬಳಿದೆ. ಎರಡು ನಿಮಿಷಕ್ಕೆ ಪ್ಲಾಸ್ಟಿಕ್ಕಿನ ಮೈ ಬೆಣ್ಣೆಯ ಹಾಗೆ ಮೆತ್ತಗಾಗಿ, ಒಣಗುವಾಗ ಬಿರುಕು ಬಿಟ್ಟ ಕೆರೆಯ ತಳದ ಹಾಗೆ ಆಯ್ತು. ಕಿಟ್ಟಿನ ಪ್ಲಾಸ್ಟಿಕ್ಕು ಪಾಲಿಸ್ಟೈರೀನ್, ಅದನ್ನು ಆ ತಿನ್ನರ್ ಕರಗಿಸಿಬಿಡುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು?

ಬುದ್ಧಿ ಕಲಿಸಿದ್ದು ನಮ್ಮ ರಸ್ತೆಯ ಟಿಂಕರಿಂಗ್ ಗ್ಯಾರೇಜಿನ ಪೇಂಟರಣ್ಣ. ಆ ಬಾನೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಸಾರ್, ಬಣ್ಣ ಬಳಿಯೋದಲ್ಲ, ಕೂರಿಸೋದು" ಅಂದ್ರು. ಅವರು ಹೇಳಿದ ಇನ್ನೊಂದು ಮಾತು: ಮಳೆಗಾಲದಲ್ಲಿ ಡ್ಯೂಕೊ (ಇಂಥದೇ ಲ್ಯಾಕರ್ ಬಣ್ಣ) ಹೊಡೀಬೇಡಿ, ಬೆಳ್ಳಗಾಗುತ್ತೆ. ನಾನು ಕೇಳಲಿಲ್ಲ. ಜುಲೈಯಲ್ಲಿ ಒಂದು ಕಪ್ಪು ಕಾರಿಗೆ ಲ್ಯಾಕರ್ ಹೊಡೆದೆ, ಕಣ್ಣೆದುರಿಗೇ ಹಾಲು ಚೆಲ್ಲಿದ ಹಾಗೆ ಮಂಜು ಕವಿಯಿತು. ತಿನ್ನರ್ ಬೇಗ ಆರುವಾಗ ಮೈ ತಣ್ಣಗಾಗುತ್ತೆ, ಗಾಳಿಯಲ್ಲಿರೋ ನೀರು ಅಲ್ಲೇ ಇಳಿದು ಬಣ್ಣದೊಳಗೆ ಸಿಕ್ಕಿಹಾಕಿಕೊಳ್ಳುತ್ತೆ. ಮಲೆನಾಡಲ್ಲಿ ಗಾಳಿಯಲ್ಲಿ ನೀರಿಗೆ ಬರವೇ? ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮನೆ ಬೆಲ್ಟು, ಚಪ್ಪಲಿಗೇ ಬೂಷ್ಟು ಬರುತ್ತೆ.

ಹಾಗಾಗಿ ನಮ್ಮ ಕಡೆ ಈ ಹವ್ಯಾಸಕ್ಕೆ ಒಂದು ವಿಚಿತ್ರ ಸಂಕಟ ಇದೆ. ಮಳೆಗಾಲದಲ್ಲಿ ಬೇಕಾದಷ್ಟು ಬಿಡುವು, ಬಣ್ಣ ಹೊಡೆಯೋ ಹಾಗಿಲ್ಲ. ಬಿಸಿಲು ಬಂದು ಗಾಳಿ ಒಣಗೋ ನವೆಂಬರಿಗೆ ತೋಟದಲ್ಲಿ ಅರೇಬಿಕಾ ಕಾಫಿ ಕೊಯ್ಲು ಶುರು, ರೊಬಸ್ಟಾ ಮುಗಿಯುವಾಗ ಫೆಬ್ರವರಿ. ಆಮೇಲೆ ಕಾಫಿ ಹೂ ಅರಳಿಸೋ ಹೂಮಳೆ ಬಂತಾ ಅಂತ ಆಕಾಶ ನೋಡ್ತಾ ಕೂರೋದು. ಮಳೆಗಾಲದಲ್ಲಿ ಕತ್ತರಿಸೋದು, ಉಜ್ಜೋದು, ಅಂಟಿಸೋದು ಮಾಡ್ಕೋತೀನಿ. ಕೋಳಿಮರಿಗೆ ಮಾಡೋ ಹಾಗೆ ರಟ್ಟಿನ ಪೆಟ್ಟಿಗೆಗೆ ಬಲ್ಬ್ ಹಾಕಿ, ಅದರಲ್ಲಿ ಭಾಗಗಳನ್ನು ಒಣಗಿಸ್ತೀನಿ. ಬಲ್ಬು ತೀರಾ ಹತ್ತಿರ ಬಂದ್ರೆ ಬಂಪರ್ ಬಾಗಿ ಸೌತೆಕಾಯಿ ಆಗುತ್ತೆ, ಅದೂ ಆಗಿದೆ.

ಈಗ ಜೀಪಿನ ವಿಷಯಕ್ಕೆ ಬರ್ತೀನಿ. ಆಲ್ದೂರು ಕಡೆ ನಮ್ಮ ತೋಟದಲ್ಲಿದ್ದಿದ್ದು ಮಹೀಂದ್ರದ ಎತ್ತರ ಬಾನೆಟ್ಟಿನ ಹಳೇ ಜೀಪು, ಸಿಜೆ-3ಬಿ ಮಾದರಿ. ಅದರ ಪ್ಲಾಸ್ಟಿಕ್ ಕಿಟ್ ನನಗಂತೂ ಸಿಗಲಿಲ್ಲ. ಊರೆಲ್ಲ ಓಡಾಡಿದ ಅಂಬಾಸಿಡರಿನ ಕತೆಯೂ ಅಷ್ಟೇ, ಸಿಕ್ಕಿದ್ದೆಲ್ಲ ಹಿಂದಕ್ಕೆ ಎಳೆದು ಬಿಡೋ ಆಟಿಕೆ. ಕೊನೆಗೆ ಇಟಲಿಯ ಇಟಾಲೇರಿ ಕಂಪನಿಯ ವಿಲ್ಲೀಸ್ ತರಿಸಿದೆ, ಎರಡನೇ ಮಹಾಯುದ್ಧದ ಮಿಲಿಟರಿ ಜೀಪು. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಎರಡೂ ಜೀಪಿಗೆ 80 ಇಂಚೇ, ಅದೊಂದು ಪುಣ್ಯ. ಮಿಕ್ಕಿದ್ದೆಲ್ಲ ಬೇರೆ. ಯುದ್ಧದ ವಿಲ್ಲೀಸಿನ ಗ್ರಿಲ್ಲಿಗೆ ಒಂಬತ್ತು ಸೀಳು, ನಮ್ಮದಕ್ಕೆ ಏಳು. ಸ್ಟೀರಿಂಗ್ ಎಡದಿಂದ ಬಲಕ್ಕೆ ಬರಬೇಕು. ಬಾನೆಟ್ ಎತ್ತರಿಸಬೇಕು, ಯಾಕಂದ್ರೆ 3ಬಿಗೆ ಹಾಕಿದ ಹರಿಕೇನ್ ಎಂಜಿನ್ ಹಳೇದಕ್ಕಿಂತ ಎತ್ತರ, ಅದಕ್ಕೇ ಕಂಪನಿಯವರು ಬಾನೆಟ್ಟನ್ನೇ ಮೇಲಕ್ಕೆತ್ತಿದ್ದು. ನಾನು ಎತ್ತಿದ್ದು ಪ್ಲಾಸ್ಟಿಕ್ ಶೀಟು, ಎಂ-ಸೀಲ್ ಹಾಕಿ. ಗ್ರಿಲ್ ಒಂದನ್ನೇ ನಾಲ್ಕು ಸಲ ಕೊರೆದೆ.

ಬಣ್ಣ ಹೊಡೆಯುವಾಗ ಪೇಂಟರಣ್ಣನ ಮಾತು ನೆನಪಿತ್ತು. ತೆಳ್ಳಗೆ, ಅಷ್ಟೇ. ಮಾಡೆಲ್ ಮೇಲೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪಕ್ಕೆ ಬಣ್ಣ ಕೂತರೆ, 24ರಿಂದ ಗುಣಿಸಿ ನೋಡಿ, ನಿಜವಾದ ಜೀಪಿನ ಮೇಲೆ ಅಕ್ಕಿರೊಟ್ಟಿ ತಟ್ಟಿದ ಲೆಕ್ಕ. ಮೆಟಾಲಿಕ್ ಬಣ್ಣವೂ ಹಾಗೇ, ಗ್ಯಾರೇಜಿನದ್ದನ್ನು ತಂದು ಹೊಡೆದರೆ ಅದರ ಮಿಣುಕು ಈ ಅಳತೆಗೆ ಜಲ್ಲಿಕಲ್ಲಿನ ಹಾಗೆ ಕಾಣುತ್ತೆ. ಮಣ್ಣಿಗೂ ಇದೇ ಲೆಕ್ಕ. ತೋಟದ ಗೇಟಿನ ಹತ್ತಿರದ ಕೆಂಪು ಮಣ್ಣನ್ನೇ ತಂದು, ಒಣಗಿಸಿ, ಕುಟ್ಟಿ, ಅಪ್ಪನ ಹಳೇ ಪಂಚೆಯಲ್ಲಿ ವಸ್ತ್ರಗಾಳಿಸಿದೆ, ನಾಟಿ ವೈದ್ಯರು ಚೂರ್ಣ ಮಾಡೋ ಹಾಗೆ. ಅದನ್ನು ನೀರು ಬೆರೆಸಿದ ಫೆವಿಕಾಲಲ್ಲಿ ಕಲಸಿ ಹತ್ತಿಸೋದು. ಎಲ್ಲಿ ಬೇಕಾದ್ರೂ ಮೆತ್ತಿದ್ರೆ ಸುಳ್ಳು ಕಾಣುತ್ತೆ. ಗಾಲಿಯ ಹಿಂದೆ ದಪ್ಪಗೆ, ಪಕ್ಕದಲ್ಲಿ ಚಿಮ್ಮಿದ ಹಾಗೆ, ಗಾಜಿನ ಮೇಲೆ ವೈಪರ್ ಆಡಿದ ಅರ್ಧಚಂದ್ರ ಬಿಟ್ಟು ಉಳಿದ ಕಡೆ ಮಾತ್ರ. ಡ್ರೈವರ್ ಕಡೆ ಹತ್ತೋ ಜಾಗದಲ್ಲಿ ಮಣ್ಣಲ್ಲ, ಅಲ್ಲಿ ಬಣ್ಣವೇ ಸವೆದು ತಗಡು ಕಾಣಬೇಕು. ಇಪ್ಪತ್ತು ವರ್ಷ ಒಬ್ಬನೇ ಮನುಷ್ಯ ಒಂದೇ ಕಾಲಿಟ್ಟು ಹತ್ತಿದ ಜಾಗ ಅದು. ಮೂರೂ ವಾರದಲ್ಲಿ ನನಗೆ ಬಹಳ ಇಷ್ಟ ಆದ ಕೆಲಸ ಆ ಬೆರಳಗಲದ ಜಾಗ, ಪೆನ್ಸಿಲ್ ಸೀಸದ ಪುಡಿ ತಿಕ್ಕಿ ಮಾಡಿದ್ದು.

ಇದೆಲ್ಲ ಆದಮೇಲೆ ಮಣ್ಣು ನಿಲ್ಲೋಕೆ ಮ್ಯಾಟ್ ವಾರ್ನಿಶ್ ಹೊಡೀಬೇಕಿತ್ತು. ಮಳೆ ಬಿಟ್ಟಿರಲಿಲ್ಲ. ಕಪ್ಪು ಕಾರಿನ ಗತಿ ನೆನಪಿತ್ತಲ್ಲ, ಬಿಸಿಲು ಬರಲಿ ಅಂತ ಇಟ್ಟಿದ್ದೆ. ಹಾಗಾಗಿ ಅಮ್ಮನ ನಲ್ಲಿ ನೀರಿಗೆ ಬರೀ ಫೆವಿಕಾಲ್ ಸಿಕ್ಕಿತು, ಬಿಟ್ಟುಕೊಂಡಿತು.

ಪೂಜೆ ಮುಗಿದು, ಗಾಡಿಗಳ ಗಾಲಿಗೆ ನಿಂಬೆಹಣ್ಣು ಇಟ್ಟು ಹತ್ತಿಸಿ ಆದಮೇಲೆ ಅಮ್ಮ ಕಾಫಿ ಲೋಟ ಹಿಡಿದು ಆ ಮಣೆ ಮುಂದೆ ಕೂತಳು. ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ನೋಡಿದಳು.

"ಬಣ್ಣ ಸರಿ ಇದೆ ಕಣೋ. ಅದು ಸರಿ, ಎಡಗಡೆ ಮಡ್‌ಗಾರ್ಡಿನ ತಗ್ಗು ಎಲ್ಲಿ?"

"ಯಾವ ತಗ್ಗು?"

"ನಿಮ್ಮಪ್ಪ ಸಿಲ್ವರ್ ಮರಕ್ಕೆ ಗುದ್ದಿದ್ರಲ್ಲ, ನೀನು ಹುಟ್ಟೋ ಮುಂಚೆ. ರಿಪೇರಿ ಮಾಡ್ಸಿ ಅಂತ ಎಷ್ಟು ಸಲ ಹೇಳಿದ್ರೂ ಕೇಳಲಿಲ್ಲ. ಇಷ್ಟಿತ್ತು." ಎಡಗೈಯನ್ನು ಬೊಗಸೆ ಮಾಡಿ ತೋರಿಸಿದಳು.

ನಮ್ಮಲ್ಲಿ ಉಳಿದಿರೋ ಒಂದೇ ಫೋಟೋ ಬಲಗಡೆಯಿಂದ ತೆಗೆದದ್ದು. ಮಡ್‌ಗಾರ್ಡನ್ನು ಒಳಗಿಂದ ಕೆರೆದು ತೆಳ್ಳಗೆ ಮಾಡಿಕೊಂಡು, ಬಿಸಿ ಚಮಚದ ಬೆನ್ನಲ್ಲಿ ಮೆಲ್ಲಗೆ ಒತ್ತಿದರೆ ತಗ್ಗು ಬೀಳುತ್ತೆ. ಬೊಗಸೆ ಅಂದ್ರೆ ನಾಲ್ಕಿಂಚು ಅಂತ ಇಟ್ಟುಕೊಂಡ್ರೆ, 1:24ಕ್ಕೆ ನಾಲ್ಕು ಮಿಲಿಮೀಟರ್ ಚಿಲ್ಲರೆ.