ಬಿಟ್ಟ ಮೀನು ಬದುಕಿತಾ?

ಕಳೆದ ಭಾನುವಾರ ಗೋವಾದ ಬೋಗ್ಮಾಳೊದಿಂದ ಮೀನು ಹಿಡಿಯೋಕೆ ಬೋಟ್ ಹತ್ತಿದ್ದೆವು. ನಾಲ್ಕು ಜನ, ಎಲ್ಲರೂ ವಾಸ್ಕೋದಲ್ಲೇ ಕೆಲಸ. ಮೂವರು ಅಂಕೋಲಾ, ಕುಮಟಾ ಕಡೆಯವರು, ಒಬ್ಬ ಹುಬ್ಬಳ್ಳಿಯವನು. ಮೇ ಮುಗಿದರೆ ಮತ್ತೆ ಮಳೆಗಾಲ ಕಳೆಯುವ ತನಕ ಕಾಯಬೇಕು, ಅದಕ್ಕೇ ಈ ಅವಸರ. ಜೂನ್ 1ರಿಂದ ಜುಲೈ 31ರವರೆಗೆ, ಅಂದ್ರೆ 61 ದಿನ, ಗೋವಾದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ.

ಬೆಳಿಗ್ಗೆ ಐದಕ್ಕೇ ಹೊರಟೆವು. ಬೇಸಿಗೆಯಲ್ಲಿ ಬೆಳಗಿನ ಸಮುದ್ರ ಸುಮ್ನೆ ಮಲಗಿರುತ್ತೆ, ಮಧ್ಯಾಹ್ನ ಆಗ್ತಿದ್ದ ಹಾಗೆ ವಾಯುವ್ಯದ ಗಾಳಿ ಎದ್ದು ಬೋಟನ್ನು ಎತ್ತಿ ಎತ್ತಿ ಹಾಕುತ್ತೆ. ಗ್ರಾಂಡೆ ದ್ವೀಪ ದಾಟಿ ಪಶ್ಚಿಮಕ್ಕೆ ಹೋಗ್ತಿದ್ದಾಗ ಒಂದು ಕಡೆ ಹಕ್ಕಿಗಳು ನೀರಿಗೆ ಬಿದ್ದು ಬಿದ್ದು ಏಳ್ತಿದ್ದವು. ಕೆಳಗೆ ತಾರ್ಲೆ (ಬೂತಾಯಿ) ಗುಂಪು ಇದೆ, ಅದರ ಕೆಳಗೆ ದೊಡ್ಡದು ಇದೆ ಅಂತ ಅರ್ಥ. ಲೂರ್, ಅಂದ್ರೆ ಮೀನಿನ ಹಾಗೆ ಕಾಣುವ ನಕಲಿ ಎರೆ, ಎಳೆಯುತ್ತಾ ಒಂದು ಸುತ್ತು ಹೊಡೆಯುವಷ್ಟರಲ್ಲಿ ರೀಲ್ ಕಿರ್ರ್ ಅಂತ ಕೂಗಿತು. ಇಸ್ವಾಣ! ಮಂಗಳೂರಿನವರು ಅಂಜಲ್ ಅಂತಾರಲ್ಲ, ಅದೇ. ಮೊದಲ ಓಟಕ್ಕೇ ನೂರು ಮೀಟರ್ ದಾರ ಎಳೆದುಕೊಂಡು ಹೋಯಿತು. ಅದರ ಹಲ್ಲು ಬ್ಲೇಡ್ ಇದ್ದ ಹಾಗೆ, ತುದಿಯಲ್ಲಿ ಒಂದು ಗೇಣು ಸ್ಟೀಲ್ ತಂತಿ ಇರದಿದ್ದರೆ 50 ಪೌಂಡ್ ಎಳೆತ ತಡೆಯುವ ದಾರ ಕೂಡ ಕ್ಷಣದಲ್ಲಿ ತುಂಡು.

ಎರಡು ಇಸ್ವಾಣ ಸಿಕ್ಕ ಮೇಲೆ ನಾವೇ ಲೂರ್ ಮೇಲೆ ತಗೊಂಡೆವು. ನಾಲ್ಕು ಮನೆಗೆ ಎರಡು ಮೀನು ಜಾಸ್ತಿಯೇ ಆಯ್ತು. ಹಿಡಿದು ಬಿಡ್ತಾ ಇರಬಹುದಲ್ಲ ಅಂತ ಕೇಳ್ತೀರಿ. ಇಸ್ವಾಣ ಹಾಗಲ್ಲ. ಅದು ಬಾಯಿ ತೆರೆದುಕೊಂಡು ಈಜುತ್ತಲೇ ಇರಬೇಕು, ಆಗಲೇ ಕಿವಿರಿನ ಮೂಲಕ ನೀರು ಹರಿದು ಉಸಿರಾಟ ನಡೆಯೋದು. ಕಾದಾಡಿ ಸುಸ್ತಾದ ಮೀನನ್ನು ಫೋಟೋಗೆ ಅಂತ ಎರಡು ನಿಮಿಷ ಎತ್ತಿ ಹಿಡಿದರೆ, ಆಮೇಲೆ ನೀರಿಗೆ ಹಾಕಿ ಏನು ಪ್ರಯೋಜನ?

ಆದರೆ ಈ ಬರಹ ಇಸ್ವಾಣದ್ದಲ್ಲ, ಗೋಬ್ರೊದ್ದು. ಇಂಗ್ಲಿಷಿನಲ್ಲಿ ಗ್ರೂಪರ್ ಅಂತಾರಲ್ಲ, ಆ ತಳದ ಮೀನು.

ಒಂಬತ್ತರ ಹೊತ್ತಿಗೆ ಕಲ್ಲಿರುವ ಜಾಗಕ್ಕೆ ಬಂದು ತಳಕ್ಕೆ ಗಾಳ ಬಿಟ್ಟೆವು. ಆಳ 30 ಮೀಟರ್. ನನ್ನ ಗಾಳಕ್ಕೆ ನಾಲ್ಕು ಕಿಲೋದ ಗೋಬ್ರೊ ಬಂತು, ಮೈ ತುಂಬ ಕಿತ್ತಳೆ ಚುಕ್ಕೆ. ಬಿಡೋಣ ಅಂತ ಮೊದಲೇ ಮಾತಾಗಿತ್ತು. ಮೇಲೆ ಬಂದಾಗ ಅದರ ಹೊಟ್ಟೆ ಉಬ್ಬಿತ್ತು, ಕಣ್ಣು ಹೊರಗೆ ಬಂದಿತ್ತು. "ಲೇ, ಬಾಯಾಗೇನೋ ಬಲೂನ್ ಬಂದೈತಿ ನೋಡೋ" ಅಂದ ಹುಬ್ಬಳ್ಳಿಯವನು. ಕೈ ಒದ್ದೆ ಮಾಡಿಕೊಂಡು, ಗಾಳ ಬಿಡಿಸಿ, ಮೆಲ್ಲಗೆ ನೀರಿಗೆ ಬಿಟ್ಟೆ. ಮುಳುಗಲಿಲ್ಲ. ಬಾಲ ಬಡಿಯಿತು, ಮಗುಚಿತು, ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಾ ಹೋಯಿತು. ಬೋಟ್ ನಡೆಸುವ ತಾಂಡೇಲರು ಅದನ್ನೇ ನೋಡುತ್ತಾ ಕೊಂಕಣಿಯಲ್ಲಿ "ವಾಂಚ್ಚೊ ನಾ" ಅಂದರು. ಬದುಕೋದಿಲ್ಲ ಅಂತ. ನನಗೆ ಮಾತೇ ಹೊರಡಲಿಲ್ಲ.

ಲೆಕ್ಕ ಸುಲಭ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಜಾಸ್ತಿ, ಅಂದ್ರೆ 30 ಮೀಟರಿನಲ್ಲಿ ಮೇಲಿನದರ ನಾಲ್ಕು ಪಟ್ಟು. ಗೋಬ್ರೊದ ಒಳಗೆ ತೇಲೋಕೆ ನೆರವಾಗುವ ಗಾಳಿಚೀಲ ಇದೆ. ನಾವು ಸರಸರ ಮೇಲೆಳೆದಾಗ ಅದರೊಳಗಿನ ಗಾಳಿ ನಾಲ್ಕು ಪಟ್ಟು ಹಿಗ್ಗಲು ನೋಡುತ್ತೆ. ಬಾಯಿಂದ ಹೊರಗೆ ಬಂದಿದ್ದು ಗಾಳಿಚೀಲ ಅಲ್ಲ, ಅದು ಒಳಗಿಂದ ತಳ್ಳಿಸಿಕೊಂಡು ಬಂದ ಜಠರವೇ. ಎಷ್ಟೋ ಜನ ಅದನ್ನೇ ಸೂಜಿಯಿಂದ ಚುಚ್ಚುತ್ತಾರೆ. ದಯವಿಟ್ಟು ಬೇಡ. (ಇಸ್ವಾಣಕ್ಕೆ ಗಾಳಿಚೀಲವೇ ಇಲ್ಲ, ಹಾಗಾಗಿ ಅದು ಉಬ್ಬೋದಿಲ್ಲ.)

ಇನ್ನೊಂದು ವಿಷಯ. ಗೋಬ್ರೊ ಮೊದಲು ಹೆಣ್ಣಾಗಿ ಬೆಳೆಯುತ್ತೆ, ದೊಡ್ಡದಾದ ಮೇಲೆ ಗಂಡಾಗುತ್ತೆ. ಒಂದು ಕಲ್ಲಿನಿಂದ ದೊಡ್ಡ ದೊಡ್ಡದನ್ನೇ ಎತ್ತುತ್ತಾ ಹೋದರೆ ಅಲ್ಲಿ ಗಂಡುಗಳೇ ಉಳಿಯೋದಿಲ್ಲ, ಅಲ್ವಾ? ನಮಗೆ ಫೋಟೋಗೆ ಬೇಕಾಗೋದು ಮಾತ್ರ ದೊಡ್ಡದೇ.

ಪ್ರವಾಸಿಗರನ್ನು ಕರೆದೊಯ್ಯುವ ಎಷ್ಟೋ ಬೋಟುಗಳಲ್ಲಿ ನೋಡಿದ್ದೇನೆ, ಕಿವಿರಿಗೆ ಬೆರಳು ಹಾಕಿ ಎತ್ತಿ, ಹತ್ತು ಫೋಟೋ ಹೊಡೆಸಿಕೊಂಡು, ದೂರಕ್ಕೆ ಎಸೆದು, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಬೋಟ್ ಮುಂದೆ ಹೋಗುತ್ತೆ. ತಿರುಗಿ ನೋಡುವವರಿಲ್ಲ. ನನಗೆ ಇದು ನಿಜವಾಗಿಯೂ ಸಿಟ್ಟು ತರಿಸುತ್ತೆ. ಹಿಡಿದು ತಿಂದವನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ, ಮೀನು ತಿಂದೇ ಬೆಳೆದವನು ನಾನು. ಆದರೆ ಬಿಡ್ತೀನಿ ಅಂದವನು ಅದು ಬದುಕುವ ಹಾಗೆ ಬಿಡಬೇಕು. ಆಗೋದಿಲ್ಲ ಅಂದ್ರೆ ತಳದ ಮೀನಿಗೆ ಗಾಳ ಹಾಕಲೇಬಾರದು.

ನಮ್ಮ ತೇಲಿದ ಗೋಬ್ರೊವನ್ನು ತಾಂಡೇಲರು ಬೋಟ್ ತಿರುಗಿಸಿ ಬಲೆಯಲ್ಲಿ ಎತ್ತಿದರು. ಅಂಕೋಲೆಯ ಗೆಳೆಯ ಒಂದು ದೊಡ್ಡ ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ. ಗಾಳದ ಬಾಗಿದ ಭಾಗಕ್ಕೆ ದಾರ, ಸಾಮಾನ್ಯವಾಗಿ ದಾರ ಕಟ್ಟುವ ತೂತಿಗೆ ಒಂದು ಕಿಲೋ ಸೀಸದ ಗುಂಡು, ಹೀಗೆ ತಲೆಕೆಳಗಾಗಿ ಕಟ್ಟಿದ. ಅದನ್ನು ಮೀನಿನ ಕೆಳತುಟಿಗೆ ಸಿಕ್ಕಿಸಿ ತಳಕ್ಕೆ ಇಳಿಸಿದೆವು. ಕೆಳಗೆ ಹೋದ ಹಾಗೆ ಒತ್ತಡ ಮತ್ತೆ ಗಾಳಿಯನ್ನು ಕುಗ್ಗಿಸುತ್ತೆ, ಮೀನು ತಾನೇ ಈಜಬಲ್ಲದು. 30 ಮೀಟರ್ ಇಳಿದ ಮೇಲೆ ದಾರಕ್ಕೆ ಒಂದು ಜಗ್ಗು ಕೊಟ್ಟು ಮೇಲೆ ಎಳೆದ. ಗಾಳ ಖಾಲಿ ಬಂತು.

ಅದು ಉಳಿಯಿತಾ ಗೊತ್ತಿಲ್ಲ, ಮೇಲೆ ತುಂಬ ಹೊತ್ತು ಕಳೆದಿತ್ತು. ಆಮೇಲೆ ನಾವು ಯಾರೂ ತಳಕ್ಕೆ ಗಾಳ ಬಿಡಲಿಲ್ಲ. ಗಾಳಿ ಏಳುವ ಮೊದಲೇ ದಡಕ್ಕೆ ಬಂದೆವು. ನಿಷೇಧ ಶುರುವಾಗುವ ಮೊದಲು ಇನ್ನೊಂದು ಭಾನುವಾರ ಇದೆ. ಆ ಗುಂಡು, ಗಾಳ ಕಟ್ಟಿದ್ದು ಹಾಗೇ ನನ್ನ ಪೆಟ್ಟಿಗೆಯಲ್ಲಿದೆ. ಹೋಗುವವರು ಯಾರಾದರೂ ಇದ್ದರೆ ಕೇಳಿ, ಕಟ್ಟೋದು ಹೇಗೆ ಅಂತ ತೋರಿಸ್ತೀನಿ.