ಬಾಗಿಲು ಹಾಕಿದರೆ ಬೆಳಕು

ಇದೆಲ್ಲ ಶುರುವಾಗಿದ್ದು ನಮ್ಮಾಕೆಯ ಒಂದು ಚಪ್ಪಲಿಯಿಂದ. ಕಾರು ಹತ್ತಿದ ಕೂಡಲೇ ಚಪ್ಪಲಿ ಬಿಟ್ಟು ಆರಾಮಾಗಿ ಕೂರುವುದು ಅವಳ ರೂಢಿ. ರಾತ್ರಿ ಮನೆ ಮುಂದೆ ಇಳಿಯುವಾಗ ಎಡಗಾಲಿನದು ಸಿಗುತ್ತದೆ. ಬಲಗಾಲಿನದು ಸೀಟಿನ ಕೆಳಗೆ ಎಲ್ಲೋ ಅಜ್ಞಾತವಾಸ. ಕಾರಿನ ಮಾಳಿಗೆಯಲ್ಲಿ ಒಂದು ದೀಪ ಇದೆ, ಇಲ್ಲ ಅಂತಲ್ಲ. ತಾನಿದ್ದೇನೆ ಎಂದು ತೋರಿಸಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಬೆಳಕು ಕೊಡುತ್ತದೆ.

ಹೀಗಿರುವಾಗ ಅಕ್ಕನ ಮಗ ಬೆಂಗಳೂರಿನಿಂದ ಹೊಸ ಕಾರಿನಲ್ಲಿ ವಿಜಯಪುರಕ್ಕೆ ಬಂದ. ಬಾಗಿಲು ತೆಗೆದರೆ ಕಾಲ ಬಳಿ ನೀಲಿ ಬೆಳಕು. ಹಾಕಿದರೆ ತೊಟ್ಟಿಲಿನ ಕೂಸು ಕಣ್ಣು ಮುಚ್ಚಿದಂತೆ ಮೆಲ್ಲಗೆ ಆರುತ್ತದೆ. ನಮ್ಮಾಕೆ ಅದರಲ್ಲಿ ಗೋಲಗುಮ್ಮಟದ ತನಕ ಹೋಗಿ ಬಂದಳು. ಎರಡೂ ಚಪ್ಪಲಿ ಹಾಕಿಕೊಂಡೇ ಇಳಿದಳು. ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಸುಮ್ನೆ ನಮ್ಮ 2012ರ ಮಾಡೆಲ್ ಕಡೆ ಒಮ್ಮೆ ನೋಡಿದಳು. ನನಗೆ ಅಷ್ಟು ಸಾಕಾಯಿತು.

ಗಾಂಧಿ ಚೌಕದ ಹತ್ತಿರ ಹೋಗಿ 5 ಮೀಟರಿನ ನೀಲಿ ಎಲ್‌ಇಡಿ ಪಟ್ಟಿಯ ಸುರುಳಿ ತಂದೆ. ಕಾರಿನ ಬ್ಯಾಟರಿ 12 ವೋಲ್ಟ್, ಪಟ್ಟಿಯೂ 12 ವೋಲ್ಟ್. ಜಾತಕ ಕೂಡಿತು, ಇನ್ನೇನು ಬೇಕು? ಈ ಪಟ್ಟಿಯನ್ನು ಮೂರು ಮೂರು ದೀಪಕ್ಕೊಮ್ಮೆ ಇರುವ ಗುರುತಿನಲ್ಲೇ ಕತ್ತರಿಸಬೇಕು. ಮೂರು ದೀಪ ಸೇರಿ ಒಂದು ಸಂಸಾರ, ನಡುವೆ ಕತ್ತರಿ ಹಾಕಿದರೆ ಆ ಸಂಸಾರ ಪೂರ್ತಿ ಕತ್ತಲೆ. ನಾನು ಮೊದಲ ಕತ್ತರಿಯಲ್ಲೇ ಒಂದು ಮನೆ ಮುರಿದೆ.

ಅಳಿಯ ಫೋನಿನಲ್ಲಿ ಎಚ್ಚರಿಕೆ ಕೊಟ್ಟ. "ಮಾಮಾ, ಹಳದಿ ಕವರ್ ಇರೋ ವೈರ್ ಮುಟ್ಟಬ್ಯಾಡ. ಅದು ಏರ್‌ಬ್ಯಾಗಿಂದು." ನಮ್ಮ ಕಾರಿನಲ್ಲಿ ಇರುವ ಒಂದೇ ಬ್ಯಾಗು ಕಾಯಿಪಲ್ಲೆ ತರುವುದು ಎಂದು ಅವನಿಗೆ ಹೇಳಲಿಲ್ಲ. ಮಾಮಾನ ಮರ್ಯಾದೆಯ ಪ್ರಶ್ನೆ.

ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನು. ವೈರಿಂಗ್ ಬಗ್ಗೆ ಗೊತ್ತಿದ್ದದ್ದು ಒಂದೇ ಗುಟ್ಟು: ಕಾರಿನಲ್ಲಿ ಮೈನಸ್‌ಗೆ ಬೇರೆ ವೈರ್ ಎಳೆಯಬೇಕಿಲ್ಲ. ಬ್ಯಾಟರಿಯ ಮೈನಸ್ಸು ಕಾರಿನ ತಗಡಿನ ಬಾಡಿಗೇ ಕೂಡಿರುತ್ತದೆ. ಬಣ್ಣ ಕೆರೆದು ಎಲ್ಲಿ ಸ್ಕ್ರೂ ಹಾಕಿದರೂ ಅದೇ ಅರ್ಥಿಂಗ್. ಈ ಒಂದು ಗುಟ್ಟು ಗೊತ್ತಿದ್ದರಿಂದ ಬಂದ ಧೈರ್ಯ ಇದೆಯಲ್ಲ, ಅದು ಏನೂ ಗೊತ್ತಿಲ್ಲದವನಿಗೆ ಬರುವುದಿಲ್ಲ.

ಮಾಳಿಗೆಯ ದೀಪದ ಮುಚ್ಚಳ ತೆಗೆದೆ. ಎರಡು ವೈರ್. ಟೆಸ್ಟರಿನ ಒಂದು ತುದಿ ಬಾಡಿಗೆ ಸಿಕ್ಕಿಸಿ, ಇನ್ನೊಂದರಿಂದ ಮೊದಲ ವೈರ್ ಮುಟ್ಟಿದೆ. ಹತ್ತಿತು. ಎರಡನೆಯದು ಮುಟ್ಟಿದೆ. ಅದೂ ಹತ್ತಿತು! ಅನುಭವಸ್ಥನಾಗಿದ್ದರೆ ಇಲ್ಲೇ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. ನಾನು ಖುಷಿಪಟ್ಟೆ. ಎರಡರಲ್ಲೂ ಕರೆಂಟ್ ಇದೆ, ಹಾಗಾದರೆ ಯಾವುದಾದರೇನು?

ಒಂದನ್ನು ಸುಲಿಯಲು ಬ್ಲೇಡ್ ಇಟ್ಟೆ. ಅದು ಇನ್ನೊಂದು ವೈರಿನ ಮೈ ಕೊಯ್ದು ತಗಡಿಗೆ ತಾಗಿತು. ಟಪ್! ದೀಪ, ರೇಡಿಯೊ, ಗಡಿಯಾರ, ಮೂರೂ ಒಟ್ಟಿಗೆ ಹೋದವು. ಫ್ಯೂಸ್ ಡಬ್ಬಿ ಇರುವುದು ಡ್ಯಾಶ್‌ಬೋರ್ಡಿನ ಕೆಳಗೆ. ಅದನ್ನು ನೋಡಬೇಕಾದರೆ ತಲೆ ಪೆಡಲಿನ ಹತ್ತಿರ, ಕಾಲು ಬೀದಿಯಲ್ಲಿ. ಹೋಗಿದ್ದು 15 ಆಂಪಿಯರಿನ ನೀಲಿ ಫ್ಯೂಸು. ಅಂಗಡಿಯವನು 30ರ ಹಸಿರು ಫ್ಯೂಸು ಮುಂದಿಟ್ಟು "ಇದು ಜನ್ಮದಾಗ ಹೋಗಂಗಿಲ್ರೀ" ಅಂದ. ಅವನ ಮಾತು ನಿಜ. ಫ್ಯೂಸು ಹೋಗುವುದಿಲ್ಲ, ಅದರ ಬದಲು ವೈರ್ ಸುಡುತ್ತದೆ. ಇಷ್ಟು ಬುದ್ಧಿ ಮಾತ್ರ ದೇವರ ದಯೆಯಿಂದ ನನಗಿತ್ತು. ನೀಲಿಯದನ್ನೇ ತಂದೆ. ಬ್ಲೇಡ್ ಕೊಯ್ದ ಕಡೆ ಟೇಪ್ ಸುತ್ತಿದೆ.

ಸಂಜೆ ಹೊತ್ತಿಗೆ ಕೆಲಸ ಮುಗಿಯಿತು. ವೈರನ್ನು ಬಾಗಿಲ ರಬ್ಬರಿನ ಒಳಗಿಂದ ಇಳಿಸಿ, ಡ್ಯಾಶ್‌ಬೋರ್ಡಿನ ಅಡಿಗೆ ಪಟ್ಟಿ ಅಂಟಿಸಿ, ಅದರ ಮೈನಸ್ಸನ್ನು ಬಾಡಿಗೆ ಸ್ಕ್ರೂ ಹಾಕಿದೆ. ಒಳಗೆ ಕೂತು ಬಾಗಿಲು ಎಳೆದುಕೊಂಡೆ. ಆಹಾ! ಕಾಲ ಬಳಿ ನೀಲಿ ಬೆಳಕು. ಸ್ವಲ್ಪ ಮಂಕು, ಆದರೆ ನನ್ನದು. ನಮ್ಮಾಕೆಯನ್ನು ಕೂಗಿದೆ. ಅವಳು ಬಂದು ಬಾಗಿಲು ತೆಗೆದಳು. ಬೆಳಕು ಹೋಯಿತು. ಹಾಕಿದಳು. ಬಂತು. ಮತ್ತೆ ತೆಗೆದಳು. ಹೋಯಿತು.

"ಏನ್ರೀ ಇದು? ಬಾಗಲಾ ತಗದ್ರ ಆರ್ತದ!"

"ಬ್ಯಾಟರಿ ಉಳೀಲಿ ಅಂತ ಹಂಗ ಮಾಡೇನಿ," ಅಂದೆ. ಆ ಉತ್ತರ ಎಲ್ಲಿಂದ ಬಂತೋ ನನಗೂ ತಿಳಿಯದು.

ಎಲ್ಲ ಬಾಗಿಲು ಹಾಕಿದ ಮೇಲೂ ಬೆಳಕು ಇತ್ತು. ಅಳಿಯನ ಕಾರಿನಲ್ಲೂ ತಡವಾಗಿಯೇ ಆರುತ್ತಿತ್ತು, ಅಲ್ವಾ? ಇದೂ ತಾನಾಗಿ ಆರೀತು ಎಂದು ಕವರ್ ಎಳೆದು ಒಳಗೆ ಹೋದೆ.

ಮರುದಿನ ಭೋಗಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಆಮೇಲೆ ಸಂಕ್ರಾಂತಿ, ಸಿದ್ಧೇಶ್ವರ ಜಾತ್ರೆ, ನಂದಿಧ್ವಜದ ಮೆರವಣಿಗೆ. ಆ ಗದ್ದಲದಲ್ಲಿ ಕಾರು ಹೊರತೆಗೆಯುವವರು ಯಾರು? ಮೂರು ದಿನ ನಡೆದೇ ತಿರುಗಿದೆವು. ನಡುವೆ ಒಂದು ಬೆಳಿಗ್ಗೆ ಎದುರು ಮನೆ ಆಯಿ ಕೇಳಿದರು. "ತಮ್ಮಾ, ನಿಮ್ಮ ಕಾರಿನ್ಯಾಗ ರಾತ್ರಿ ಯಾರ ಮಲಗ್ತಾರ?" ಯಾರೂ ಇಲ್ಲ ಅಂದೆ. ಆಯಿಗೆ ಕಣ್ಣಿನ ಪೊರೆ ಆಪರೇಶನ್ ಆಗಿ ತಿಂಗಳಷ್ಟೇ ಆಗಿತ್ತು. ಹೊಸ ಕಣ್ಣು, ಇಲ್ಲದ್ದೂ ಕಾಣುತ್ತಿರಬೇಕು ಅಂದುಕೊಂಡೆ. ನಮ್ಮ ಕವರ್ ಐದು ಬೇಸಿಗೆ ಕಂಡು ಜರಡಿಯಾಗಿದೆ ಎಂಬುದು ಆಗ ನೆನಪಾಗಲಿಲ್ಲ.

ನಾಲ್ಕನೆಯ ದಿನ ಇಂಡಿಯಲ್ಲಿ ನಮ್ಮಾಕೆಯ ತಂಗಿಯ ಕುಬಸ, ಅಂದರೆ ಸೀಮಂತ. ಇಳಕಲ್ ಸೀರೆ, ಶೇಂಗಾ ಹೋಳಿಗೆಯ ಬುತ್ತಿ, ಹಸಿರು ಬಳೆಯ ಡಬ್ಬಿ, ಎಲ್ಲ ಕಾರಿನೊಳಗೆ. ಚಾವಿ ತಿರುಗಿಸಿದೆ. ಟಕ್. ಮತ್ತೊಮ್ಮೆ ತಿರುಗಿಸಿದೆ. ಟಕ್ ಅನ್ನಲೂ ಅದಕ್ಕೆ ಶಕ್ತಿ ಇರಲಿಲ್ಲ. ಬುತ್ತಿ ತಲೆಯ ಮೇಲೆ ಇಟ್ಟುಕೊಳ್ಳುವುದೊಂದು ಬಾಕಿ, ಬಸ್ಸಿನಲ್ಲಿ ನಿಂತುಕೊಂಡೇ ಇಂಡಿ ಮುಟ್ಟಿದೆವು. ದಾರಿಯುದ್ದಕ್ಕೂ ನಮ್ಮಾಕೆ ಒಂದೇ ಮಾತು ಆಡಿದಳು: "ಬ್ಯಾಟರಿ ಉಳೀತೇನ್ರಿ?"

ಮರುದಿನ ಸ್ಟೇಷನ್ ರಸ್ತೆಯ ಬ್ಯಾಟರಿ ಮಿಸ್ತ್ರಿ ಬಂದ. ತನ್ನ ಬ್ಯಾಟರಿ ಜೋಡಿಸಿದ, ಬಾಗಿಲು ತೆಗೆದ, ಹಾಕಿದ, ತೆಗೆದ, ಹಾಕಿದ. ಆಮೇಲೆ ನನ್ನ ಮುಖ ನೋಡಿದ.

"ಸರ್ರ, ಇದನ್ನ ಯಾರ ಮಾಡ್ಯಾರ?"

"ಯಾರೋ ಒಬ್ಬ ಹುಡುಗ," ಅಂದೆ.

"ಮ್ಯಾಲಿನ ಲೈಟಿಗೆ ಪ್ಲಸ್ ಯಾವಾಗ್ಲೂ ಇರ್ತೈತ್ರಿ. ಬಾಗಲದ ಸ್ವಿಚ್ ಇರೂದು ಮೈನಸ್ ಕಡೆ. ಬಾಗಲಾ ತಗದ್ರ ಆ ವಾಯರ್ ಬಾಡಿಗಿ ಕೂಡತೈತಿ, ಲೈಟ್ ಹತ್ತತೈತಿ. ಆ ಹುಡುಗ ಹಿಡದದ್ದು ಆ ಮೈನಸ್ ವಾಯರ್."

"ಅದರಾಗೂ ಕರೆಂಟ್ ಇತ್ತಲ್ಲೋ! ಟೆಸ್ಟರ್ ಹತ್ತಿತ್ತು!" ಅಂದುಬಿಟ್ಟೆ. ಹುಡುಗ ಯಾರೆಂಬುದು ಅಲ್ಲಿಗೆ ಬಯಲಾಯಿತು.

ಅದು ಬಲ್ಬನ್ನು ಹಾದು ಬಂದ ಕರೆಂಟು. ಬಾಗಿಲು ಹಾಕಿದಾಗ ಅದು ಮೇಲಿನ ಬಲ್ಬಿನಿಂದ ಇಳಿದು, ನನ್ನ ಪಟ್ಟಿಯೊಳಗೆ ನುಗ್ಗಿ, ನಾನೇ ಹಾಕಿದ ಸ್ಕ್ರೂವಿನಿಂದ ಬಾಡಿ ಸೇರುತ್ತಿತ್ತು. ಬಾಗಿಲು ತೆಗೆದರೆ ಸ್ವಿಚ್ಚಿನ ಹತ್ತಿರದ ದಾರಿ ಸಿಗುತ್ತಿತ್ತು. ಮತ್ತೆ ನನ್ನ ಪಟ್ಟಿಯ ಸುತ್ತುದಾರಿ ಯಾಕೆ ಬೇಕು ಅದಕ್ಕೆ? ಮಿಸ್ತ್ರಿ ಬಾಗಿಲು ಹಾಕಿ, ಕೈ ಅಡ್ಡ ಹಿಡಿದು ಬಲ್ಬು ತೋರಿಸಿದ. ಬೀಡಿಯ ತುದಿಯಂತೆ ಕೆಂಪಗೆ ಇತ್ತು. ಆ ಸಂಜೆ ನಾನು ಕಾಲ ಕಡೆ ನೋಡಿ ಮರುಳಾಗಿದ್ದೆ, ತಲೆ ಎತ್ತಿದ್ದರೆ ತಾನೆ?

ಮೀಟರ್ ಹಾಕಿದ. ಅರ್ಧ ಆಂಪಿಯರ್. ಇಷ್ಟು ಕಡಿಮೆಗೆ ಬ್ಯಾಟರಿ ಸಾಯುತ್ತದೆಯೇ ಅಂದೆ. ಆದರೆ ಲೆಕ್ಕ ನನ್ನ ಕಸುಬು. ದಿನಕ್ಕೆ 24 ಗಂಟೆ, ಅಂದರೆ 12 ಆಂಪಿಯರ್ ಅವರ್. ಮೂರು ದಿನಕ್ಕೆ 36. ಬ್ಯಾಟರಿಯ ಮೇಲೆ ಬರೆದಿದ್ದು 35. ಖಾತೆ ಖಾಲಿಯಾಗಿ, ಮೇಲೆ ಒಂದು ಓವರ್‌ಡ್ರಾಫ್ಟ್.

"ಸರ್ರ, ನೀವು ಎಲ್ಲಿ ಕೆಲಸ ಮಾಡ್ತೀರಿ?"

"ಬ್ಯಾಂಕಿನಾಗ."

"ಹಂಗಾರ ಜಮಾ ಆಗೂದು ಖರ್ಚಿನಾಗ ಬರದೀರಿ, ಅಷ್ಟ," ಅಂದು ಐದೇ ನಿಮಿಷದಲ್ಲಿ ಪಟ್ಟಿಯ ಪ್ಲಸ್ಸನ್ನು ಯಾವಾಗಲೂ ಕರೆಂಟ್ ಇರುವ ವೈರಿಗೆ, ಮೈನಸ್ಸನ್ನು ಬಾಗಿಲಿನ ವೈರಿಗೆ ಕೂಡಿಸಿದ. ನನ್ನ ಸ್ಕ್ರೂ ಬಿಚ್ಚಿ ನನ್ನ ಅಂಗೈಗೆ ಇಟ್ಟ. ಈಗ ಬಾಗಿಲು ತೆಗೆದರೆ ಬೆಳಕು, ಹಾಕಿದರೆ ಕತ್ತಲೆ. ನಮ್ಮಾಕೆಯ ಚಪ್ಪಲಿ ಸಿಗುತ್ತದೆ.

ಎರಡು ದಿನ ಬಿಟ್ಟು ಆಯಿ ಮತ್ತೆ ಸಿಕ್ಕರು. ಮುಖ ಸಣ್ಣದಾಗಿತ್ತು.

"ತಮ್ಮಾ, ನೀ ಇಟ್ಟಿದ್ದ ವಾಚ್‌ಮನ್ ಕಾಣವಲ್ಲ. ರಾತ್ರೆಲ್ಲಾ ದೀಪಾ ಹಚ್ಚಿಕೊಂಡು ಕಾರಿನ್ಯಾಗ ಕೂಡ್ತಿದ್ದ. ಜಾತ್ರ್ಯಾಗ ಕಳ್ಳರ ಹೆದರಿಕಿ ಇಲ್ದ ಮಲಗಿದ್ದೆ. ಬಿಡಿಸಿದೇನು ಅವನ್ನ?"

"ಹೌದು ಆಯಿ," ಅಂದೆ. "ಅವನ ಊಟ ಭಾಳ ಇತ್ತು."